ದೇಮಕ್ಕ ಮತ್ತು ನೂರೊಂದು ಚಿನ್ನದ ಗಡಿಯಾರ

ಬನ್ನಿ, ಹತ್ತಿರ ಬಂದು ಕೂತುಕೊಳ್ಳಿ. ಕತೆ ಹೇಳುವವಳಿಗೆ ಬಾಯಿ ಇದ್ದರೆ ಸಾಲದು, ಕೇಳುವವರಿಗೂ ಹೂಂಗುಟ್ಟುವ ಬಾಯಿ ಇರಬೇಕು. ಹೂಂ ಅನ್ನದವರಿಗೆ ಕತೆಯ ತಲೆ ಮಾತ್ರ ಸಿಗುತ್ತದೆ, ಬಾಲ ಸಿಗುವುದಿಲ್ಲ. ಹೂಂ ಅಂದಿರಾ? ಸರಿ ಹಾಗಾದರೆ.

ಹೊಂಗೆರೆ ಅಂತ ಒಂದು ರಾಜ್ಯ. ರಾಜ್ಯ ಅಂದ ಕೂಡಲೇ ಭಾರಿ ಅಂದುಕೊಳ್ಳಬೇಡಿ. ಒಂದು ಕೆರೆ, ಒಂದು ಅರಮನೆ, ನೂರು ಮನೆ, ಅಷ್ಟೆ. ರಾಜ ಉಪ್ಪರಿಗೆ ಮೇಲೆ ನಿಂತು ಸೀನಿದರೆ ಗಡಿಯಾಚೆಯವರು "ನೂರು ವರ್ಷ ಆಯುಸ್ಸು" ಅನ್ನುತ್ತಿದ್ದರಂತೆ. ಆ ರಾಜನ ಹೆಸರು ಬೊಮ್ಮರಸ. ಬೊಮ್ಮರಸನ ಮನಸ್ಸು ಅಪ್ಪಟ ಚಿನ್ನ. ಕಿವಿ ಮಾತ್ರ ಹಿತ್ತಾಳೆ. ಯಾರು ಏನು ಹೇಳಿದರೂ ನಂಬುವನು. ಬೆಳಗ್ಗೆ ಒಬ್ಬರು ಹೇಳಿದ್ದನ್ನು ನಂಬುವನು, ಮಧ್ಯಾಹ್ನ ಇನ್ನೊಬ್ಬರು ಅದಕ್ಕೆ ಉಲ್ಟಾ ಹೇಳಿದರೆ ಅದನ್ನೂ ನಂಬುವನು.

ಆ ಹೊಂಗೆರೆಯಲ್ಲಿ ಒಂದು ವಿಶೇಷ ಇತ್ತು. ಮನೆಗೊಂದು ಗಟ್ಟಿ ಚಿನ್ನದ ಗಡಿಯಾರ. ಮೇಲೆ ಚಿನ್ನದ ನೀರು ಬಳಿದದ್ದಲ್ಲ, ಗಟ್ಟಿ ಚಿನ್ನ. ಹೇಗೆ ಬಂತು ಅಂತೀರಾ? ಬೊಮ್ಮರಸನ ಅಜ್ಜನ ಕಾಲದಲ್ಲಿ ಕೆರೆ ನೀರಿನ ಸರದಿಗೆ ದಿನಾ ಜಗಳ. "ನಿನ್ನ ಹೊತ್ತು ಮುಗೀತು, ತೂಬು ನನಗೆ ಬಿಡು" ಅನ್ನುವನು ಒಬ್ಬ. "ಎಲ್ಲಿ ಮುಗೀತು, ಸೂರ್ಯ ಇನ್ನೂ ಹುಣಸೆಮರದ ಮೇಲವನೆ" ಅನ್ನುವನು ಇನ್ನೊಬ್ಬ. ಗುದ್ದಲಿ ಎತ್ತುವರು, ತಲೆ ಒಡೆಯುವರು. ಆಗ ಅಜ್ಜರಸ ಬೊಕ್ಕಸದ ಚಿನ್ನವನ್ನೆಲ್ಲ ತೆಗೆಸಿ ನೂರೊಂದು ಗಡಿಯಾರ ಮಾಡಿಸಿದ. ನೂರು ಮನೆಗೆ ನೂರು, ಅರಮನೆಗೆ ಒಂದು.

"ಬುದ್ಧಿ, ಒಕ್ಕಲು ಮಕ್ಕಳಿಗೆ ಚಿನ್ನ ಯಾಕೆ? ಕಬ್ಬಿಣದ್ದು ಸಾಲದೆ?" ಅಂದನಂತೆ ಮಂತ್ರಿ.

"ನೀರಲ್ಲಿ ನಿಂತು ಕೆಲಸ ಮಾಡೋ ಜನ ಕಣಯ್ಯ. ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತೆ, ಹಿತ್ತಾಳೆಗೆ ಕಿಲುಬು ಹಿಡಿಯುತ್ತೆ, ಚಿನ್ನಕ್ಕೆ ಏನೂ ಹಿಡಿಯಲ್ಲ. ಇದು ಒಡವೆ ಅಲ್ಲ, ಗುದ್ದಲಿ ಇದ್ದ ಹಾಗೆ ಒಂದು ಸಾಮಾನು" ಅಂದ ಅಜ್ಜರಸ.

ಅವತ್ತಿನಿಂದ ಸರದಿಯ ಜಗಳ ನಿಂತಿತು. ಗಡಿಯಾರ ಮನೆಯ ಹಿರೀಕನ ಹಾಗೆ ಆಗಿಹೋಯಿತು. ಮಗುವಿಗೆ ಹೆಸರಿಡುವ ದಿನ, ಕಿವಿಯಲ್ಲಿ ಹೆಸರು ಹೇಳುವುದಕ್ಕೆ ಮುಂಚೆ, ಮನೆಯ ಗಡಿಯಾರವನ್ನು ಆ ಕಿವಿಗೆ ಹಿಡಿಯುವರು. "ಕೇಳು ಮಗಾ, ಇದು ನಿನ್ನ ಹೊತ್ತು" ಅನ್ನುವರು. ಗಡಿಯಾರದ ಸದ್ದು ಕೇಳದ ಕೂಸಿಗೆ ಹೊಂಗೆರೆಯಲ್ಲಿ ಹೆಸರೇ ಇಲ್ಲ.

ಇನ್ನೊಂದು ನಂಬಿಕೆಯೂ ಇತ್ತು. ಗಡಿಯಾರದ ಬೆನ್ನ ಮುಚ್ಚಳವನ್ನು ರಿಪೇರಿಯವರು ಬಿಟ್ಟು ಬೇರೆ ಯಾರೂ ತೆಗೆಯಬಾರದು. ತೆಗೆದರೆ, ತೆಗೆದವನ ಆಯುಸ್ಸು ಅದರೊಳಗಿಂದ ಸೋರಿಹೋಗುತ್ತದೆ ಅಂತ ಮಾತು. ನಿಜವೋ ಸುಳ್ಳೋ, ನನಗೆ ಗೊತ್ತಿಲ್ಲ. ತೆಗೆದು ನೋಡಿದವರು ಯಾರೂ ಇರಲಿಲ್ಲ.

ಇನ್ನು ರಿಪೇರಿಯವರು ಯಾರು? ಕೆರೆ ತೂಬಿನ ಪಕ್ಕದ ಮನೆಯ ದೇಮಕ್ಕ. ಅವಳ ಅಪ್ಪ ಸಿಂಗಣ್ಣನಿಗೆ ಇವಳೊಬ್ಬಳೇ ಮಗಳು. "ಗಂಡುಮಗ ಇಲ್ಲವಲ್ಲ, ವಿದ್ಯೆ ನಿನ್ನ ಜೊತೆಗೇ ಹೋಯ್ತು" ಅಂತ ಊರವರು ಮರುಗಿದರೆ, ಸಿಂಗಣ್ಣ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲಾ ಹೇಳಿಕೊಟ್ಟ. ಅಪ್ಪ ಹೋದಮೇಲೆ ಊರಿನ ಹೊತ್ತೆಲ್ಲ ದೇಮಕ್ಕನ ಕೈಯಲ್ಲಿ. ನಾಲ್ಕು ಗಡಿಯಾರ ಒಟ್ಟಿಗೆ ಬಿಚ್ಚಿಟ್ಟಾಗ ಅದಲುಬದಲು ಆಗಬಾರದು ಅಂತ ಅಪ್ಪ ಒಂದು ರೂಢಿ ಮಾಡಿದ್ದ. ಮುಚ್ಚಳದ ಒಳಮೈ ಮೇಲೆ ಸೂಜಿಮೊನೆಯಿಂದ ಮನೆಗೊಂದು ಗುರುತು. ಹರಿಗೋಲಿನವರಿಗೆ ಮೀನು, ಕುಂಬಾರರಿಗೆ ಗಡಿಗೆ, ಗಾಣದವರಿಗೆ ಎತ್ತು. ಎಷ್ಟು ಸಲ ಗಡಿಯಾರ ಬಿಚ್ಚಿ ತೊಳೆದಿದ್ದಾರೋ ಗುರುತಿನ ಕೆಳಗೆ ಅಷ್ಟು ಚುಕ್ಕಿ. ಸಾಸಿವೆಯಷ್ಟು ಸಣ್ಣ. ಭೂತಗನ್ನಡಿ ಹಿಡಿದರೆ ಮಾತ್ರ ಕಾಣುವುದು. ಈ ರೂಢಿ ಅಪ್ಪನಿಗೆ ಗೊತ್ತಿತ್ತು, ಮಗಳಿಗೆ ಗೊತ್ತಿತ್ತು, ಮೂರನೆಯವರಿಗೆ ಗೊತ್ತಿರಲಿಲ್ಲ. ತಮ್ಮ ಮನೆಯ ಗಡಿಯಾರಕ್ಕೆ ಮಾತ್ರ ಅವರು ಗುರುತು ಹಾಕಲಿಲ್ಲ. ತನ್ನ ಮಗುವನ್ನು ಗುರುತು ಹಿಡಿಯುವುದಕ್ಕೆ ಯಾರಾದರೂ ಅದರ ಕೊರಳಿಗೆ ಚೀಟಿ ಕಟ್ಟುತ್ತಾರೆಯೇ? ಆ ಗಡಿಯಾರಕ್ಕೆ ಒಂದು ಚಾಳಿ ಇತ್ತು. ಅದೇನು ಅಂತ ಈಗ ಹೇಳುವುದಿಲ್ಲ, ಹೂಂಗುಟ್ಟುತ್ತಾ ಇರಿ.

ಅರಮನೆಯಲ್ಲಿ ಅಂದಾನಯ್ಯ ಅಂತ ಒಬ್ಬ ಇದ್ದ. ಪೋಷಾಕಿನ ಪಾರುಪತ್ಯಗಾರ. ರಾಜ ಯಾವ ಪೇಟ ಕಟ್ಟಬೇಕು, ರಾಣಿ ಯಾವ ಸೀರೆ ಉಡಬೇಕು, ಊರಿನ ಜನ ಯಾವುದನ್ನು ಸೊಗಸು ಅನ್ನಬೇಕು, ಎಲ್ಲ ಇವನೇ ಹೇಳುವನು. ಮೀಸೆಗೆ ಹರಳೆಣ್ಣೆ, ಮಾತಿಗೆ ಬೆಣ್ಣೆ. ಹಳೆಯದು ಏನು ಕಂಡರೂ ಮೂಗು ಮುರಿಯುವನು. ಕೆರೆಯ ಹಿಂದೆ ಬಹಳ ದೂರದಲ್ಲಿ ಅವನದೊಂದು ಕಬ್ಬಿನ ತೋಟ. ಕಬ್ಬಿಗೆ ಎಷ್ಟು ನೀರು ಬಿಟ್ಟರೂ ಸಾಲದು, ಇವನ ಪಾಲಿಗೆ ಬರುವುದು ವಾರಕ್ಕೆ ಒಂದೇ ಸರದಿ. ಎಲ್ಲರ ಸರದಿಯೂ ತನ್ನದಾದರೆ ಹೇಗಿರುತ್ತೆ ಅಂತ ಅವನ ಮನಸ್ಸಿಗೆ ಒಂದು ಹುಳ ಹೊಕ್ಕಿತು. ಹೊಕ್ಕ ಹುಳ ಸುಮ್ಮನಿರುತ್ತದೆಯೇ?

ಒಂದು ದಿನ ಡಂಗುರ ಹೊಡೆಸಿದ. "ಕೇಳ್ರಪ್ಪೋ ಕೇಳಿ! ಬಂಗಾರದ ಗಡಿಯಾರ ಮುದುಕರ ಸಾಮಾನು! ಕಡಲಾಚೆ ಈಗ ಬಿಳೀ ಗಡಿಯಾರ! ಹಳೇದು ತನ್ನಿ, ಹೊಸದು ಒಯ್ಯಿರಿ! ಹಳೇದನ್ನು ಕರಗಿಸಿ ಅರಮನೆಗೆ ಕಳಶ ಇಡಿಸ್ತೀವಿ!"

ಜನ ಬಿದ್ದು ಬಿದ್ದು ನಕ್ಕರು. ಮೂರೇ ಮೂರು ಜನ ಕೊಟ್ಟರು.

ಇನ್ನೊಂದು ದಿನ ಡಂಗುರ ಹೊಡೆಸಿದ. "ಕೇಳ್ರಪ್ಪೋ ಕೇಳಿ! ಸೊಂಟದಲ್ಲಿ ಬಂಗಾರದ ಗಡಿಯಾರ ಸಿಕ್ಕಿಸಿದರೆ ಹೊಟ್ಟೆ ದಪ್ಪ ಕಾಣುತ್ತೆ!"

ಈ ಸಲ ಯಾರೂ ನಗಲಿಲ್ಲ. ಹರೆಯದವರು ಕೆರೆ ದಂಡೆಗೆ ಹೋಗಿ ನೀರಲ್ಲಿ ಬಗ್ಗಿ ನೋಡಿಕೊಂಡರು. ಮೂವತ್ತು ಜನ ಕೊಟ್ಟರು. ಬೊಮ್ಮರಸನೂ ಕನ್ನಡಿ ನೋಡಿಕೊಂಡ. ಅವನ ಹೊಟ್ಟೆ ಗಡಿಯಾರದಿಂದ ದಪ್ಪವಾದದ್ದಲ್ಲ, ಹೋಳಿಗೆಯಿಂದ ದಪ್ಪವಾದದ್ದು. ಆದರೂ ಅಜ್ಜನ ಗಡಿಯಾರ ತೆಗೆದು ಕೊಟ್ಟುಬಿಟ್ಟ.

ಮೂರನೇ ಸಲ ಡಂಗುರ ಹೊಡೆಸಿದ. "ಕೇಳ್ರಪ್ಪೋ ಕೇಳಿ! ಮದುವೆ ಮುಂಜಿಗೆ ಬಂಗಾರದ ಗಡಿಯಾರ ಸಿಕ್ಕಿಸಿಕೊಂಡು ಬಂದವರಿಗೆ ಇನ್ನು ಮೇಲೆ ಎರಡನೇ ಪಂಕ್ತಿ!"

ಅಯ್ಯೋ, ಇದು ಬಡಿಯಿತು ನೋಡಿ ಏಟು! ಹೊಂಗೆರೆಯವರು ಕತ್ತಿಗೆ ಹೆದರುವವರಲ್ಲ, ದೆವ್ವಕ್ಕೆ ಹೆದರುವವರಲ್ಲ. ಎರಡನೇ ಪಂಕ್ತಿಗೆ ಹೆದರುತ್ತಾರೆ. ಹೋಳಿಗೆ ಮುಗಿದು ಸಾರು ಮಾತ್ರ ಉಳಿದಿರುತ್ತದಲ್ಲ! ಅದಕ್ಕಿಂತ ಹೆಚ್ಚಾಗಿ, ಮೊದಲ ಪಂಕ್ತಿಯವರು ಕೈ ತೊಳೆಯುತ್ತಾ ನೋಡುವ ನೋಟ ಇದೆಯಲ್ಲ, ಅದು ಇನ್ನೂ ಕಷ್ಟ. ಮಾರನೇ ದಿನ ಅರಮನೆ ಬಾಗಿಲಲ್ಲಿ ಸಾಲೋ ಸಾಲು. ದೇಮಕ್ಕನೊಬ್ಬಳು ಕೊಡಲಿಲ್ಲ.

ಆದರೆ ಮಗಳು ನೀಲವ್ವ ಬಸುರಿ. ಸೀಮಂತದ ಊಟಕ್ಕೆ ದಿನ ಗೊತ್ತಾಗಿತ್ತು. ಹಿಂದಿನ ದಿನ ನೀಲವ್ವ ಬಂದು ತಾಯಿಯ ಮುಂದೆ ಕಣ್ಣೀರು ಹಾಕಿದಳು.

"ಅವ್ವಾ, ನಮ್ಮತ್ತೆ ಬರಲ್ಲ ಅಂತಾರೆ. ನಿಮ್ಮ ಮನೇಲಿ ಬಂಗಾರದ ಗಡಿಯಾರ ಇರೋತನಕ ಎಲೆ ಮುಂದೆ ಕೂರಲ್ಲ, ಮರ್ಯಾದೆ ಹೋಗುತ್ತೆ ಅಂತಾರೆ."

"ಇದು ನಿಮ್ಮ ತಾತನ ಗಡಿಯಾರ ಕಣೇ."

"ತಾತ ಇದ್ದಿದ್ರೆ ನಾನು ಅಳೋದು ನೋಡ್ತಿದ್ನಾ?"

ಹೊಟ್ಟೆ ಹೊತ್ತು ಬಂದ ಮಗಳ ಕಣ್ಣೀರಿನ ಮುಂದೆ ಯಾವ ತಾಯಿ ಗಟ್ಟಿ ನಿಂತಾಳು? ದೇಮಕ್ಕ ಗಡಿಯಾರವನ್ನು ಒಂದು ಸಲ ಕಿವಿಗೆ ಹಿಡಿದು ಕೇಳಿದಳು, ಸೆರಗಿನಲ್ಲಿ ಒರೆಸಿದಳು, ಕೊಟ್ಟುಬಂದಳು. ಸೀಮಂತ ಚೆನ್ನಾಗಿಯೇ ಆಯಿತು. ಬೀಗಿತ್ತಿ ಮೊದಲ ಪಂಕ್ತಿಯಲ್ಲಿ ಕೂತು ಐದು ಹೋಳಿಗೆ ತಿಂದಳು. ದೇಮಕ್ಕನಿಗೆ ಮಾತ್ರ ಒಂದು ತುತ್ತೂ ಇಳಿಯಲಿಲ್ಲ.

ಆಮೇಲೆ ಮಳೆ ಬಂತು. ಬಿಳೀ ಗಡಿಯಾರದ ನಿಜ ಹೊರಗೆ ಬಂದದ್ದು ಆಗ. ಬರೀ ತಗಡು! ಒಂದು ಮಳೆಗೆ ಮುಳ್ಳು ಅಲ್ಲಲ್ಲೇ ನಿಂತವು. ಕೆರೆ ತೂಬಿನಲ್ಲಿ ಸರದಿಯ ಜಗಳ ಮತ್ತೆ ಶುರುವಾಯಿತು. ಕುಂಬಾರ ಮಾರಜ್ಜ ಹೊತ್ತಿಗೆ ಮುಂಚೆ ಆವಿಗೆ ತೆಗೆದು, ಅರೆಬೆಂದ ಗಡಿಗೆಗಳನ್ನು ನೋಡಿ ತಲೆ ಮೇಲೆ ಕೈಹೊತ್ತು ಕೂತ. ಅರಮನೆಯಲ್ಲಿ ಬೊಮ್ಮರಸ ಮಧ್ಯಾಹ್ನದ ಊಟಕ್ಕೆ ಅಂತ ಬಂದರೆ ದೀಪ ಹಚ್ಚುತ್ತಿದ್ದರು.

ಆ ಮಳೆಯಲ್ಲೇ ನೀಲವ್ವನಿಗೆ ಹೆಣ್ಣು ಮಗು ಹುಟ್ಟಿತು. ಮುದ್ದಾದ ಮಗು. ಮೂರನೇ ದಿನ ನೀಲವ್ವ ಮಗುವಿನ ಮುಖ ನೋಡುತ್ತಾ ಕೇಳಿದಳು:

"ಅವ್ವಾ, ಹನ್ನೆರಡನೇ ದಿನ ಹೆಸರಿಡಬೇಕಲ್ಲ. ಇದರ ಕಿವಿಗೆ ಏನು ಹಿಡೀತೀಯ?"

ದೇಮಕ್ಕ ತಗಡಿನ ಗಡಿಯಾರ ತೆಗೆದು ಕಿವಿಗೆ ಹಿಡಿದಳು. ಸದ್ದಿಲ್ಲ. ಅಲ್ಲಾಡಿಸಿದಳು. ಒಳಗೆ ನೀರು ಕುಲುಕಿತು. ನೀಲವ್ವ ಬಿಕ್ಕಿ ಬಿಕ್ಕಿ ಅತ್ತಳು. "ನನ್ನಿಂದಲೇ ಆದದ್ದು ಅವ್ವಾ, ನಾನೇ ಕೊಡಿಸಿದ್ದು."

"ಅಳಬೇಡ. ಬಾಣಂತಿ ಅಳಬಾರದು. ಇನ್ನೂ ಒಂಬತ್ತು ದಿನ ಇದೆ" ಅಂದಳು ದೇಮಕ್ಕ.

ನೆಟ್ಟಗೆ ಅಂದಾನಯ್ಯನ ಮನೆಗೆ ಹೋದಳು.

"ಅಯ್ಯಾ, ನಮ್ಮಪ್ಪನ ಗಡಿಯಾರ ವಾಪಸ್ಸು ಕೊಡಿ."

"ಎಲ್ಲಿದೆಯೇ ಅದು? ಎಲ್ಲಾ ಕರಗಿಸಿಯಾಯ್ತು. ಕಳಶದ ಎರಕ ಆರ್ತಾ ಇದೆ."

"ಹೋಗಲಿ, ಹೊಟ್ಟೆಯೊಳಗಿನ ಚಕ್ರಗಳನ್ನಾದರೂ ಕೊಡಿ. ನೆನಪಿಗೆ ಇಟ್ಕೋತೀನಿ."

"ಚಕ್ರ ಗಿಕ್ರ ಎಲ್ಲಾ ಒಟ್ಟಿಗೇ ಕರಗಿಸೋ ಮೂಸೆಗೆ ಹಾಕಿಸಿದೆ ಕಣಮ್ಮ. ಹೋಗು ಹೋಗು."

ದೇಮಕ್ಕ ಹೊಸಿಲು ದಾಟುತ್ತಲೇ ನಿಂತುಬಿಟ್ಟಳು. ಅವಳ ಮುಖದ ಮೇಲೆ ನಗು ಬಂತು. ಯಾಕೆ ಗೊತ್ತೆ? ಗಡಿಯಾರದೊಳಗಿನ ಚಕ್ರ ಹಿತ್ತಾಳೆ, ಕಮಾನು ಉಕ್ಕು. ಅದನ್ನೆಲ್ಲ ಬಿಚ್ಚಿ ತೆಗೆಯದೆ ಚಿನ್ನವನ್ನು ಮೂಸೆಗೆ ಹಾಕಿದರೆ ಚಿನ್ನವೇ ಕೆಡುತ್ತದೆ. ಹಾಗೆ ಹಾಕುವ ದಡ್ಡ ಲೋಕದಲ್ಲಿ ಎಲ್ಲೂ ಇಲ್ಲ. ಬಿಚ್ಚಿ ತೆಗೆಯಬಲ್ಲವಳು ಊರಿಗೆಲ್ಲ ಅವಳೊಬ್ಬಳೇ. ಅವಳನ್ನು ಯಾರೂ ಕರೆದಿಲ್ಲ. ಅಂದಮೇಲೆ ಗಡಿಯಾರ ಕರಗಿಲ್ಲ. ಒಂದೂ ಕರಗಿಲ್ಲ! ಆ ಸಂತೋಷಕ್ಕೆ ದಾರಿಯುದ್ದಕ್ಕೂ ಅವಳ ಕಾಲು ನೆಲಕ್ಕೆ ತಾಗಲಿಲ್ಲ.

ಹೋಗಿ ರಾಜನಿಗೆ ಹೇಳಬಹುದಿತ್ತಲ್ಲ ಅಂತೀರಾ? ಹಿತ್ತಾಳೆ ಕಿವಿಗೆ ಮಾತು ಹೇಳಿ ಏನು ಫಲ? ಇವಳು ಹೇಳಿ ಬಂದ ಮೇಲೆ ಅಂದಾನಯ್ಯ ಹೋಗಿ ಇನ್ನೊಂದು ಹೇಳುತ್ತಾನೆ. ಕಿವಿಗಲ್ಲ, ಕಣ್ಣಿಗೇ ಕಾಣಿಸಬೇಕು. ದೇಮಕ್ಕ ಕಾದಳು.

ಬಹಳ ಕಾಯಬೇಕಾಗಲಿಲ್ಲ. ಮಾರನೇ ದಿನವೇ ಬೊಮ್ಮರಸ ಸಭೆ ಕರೆದ. ಊರಿಗೆ ಊರೇ ಬಂತು. ಹಸಿದ ಹೊಟ್ಟೆಯ ರಾಜ ನಾಚಿಕೊಳ್ಳುತ್ತಾ ಕೇಳಿದ:

"ನನ್ನದೊಂದು ಪ್ರಶ್ನೆ. ಈ ಗಟ್ಟಿ ಚಿನ್ನದ ಗಡಿಯಾರ ಮತ್ತೆ ಸೊಗಸಾಗಿ ಬರುತ್ತೋ, ಇಲ್ಲವೋ?"

ನೋಡಿ, ರಾಜನಿಗೂ ಬೇಕು ಅನ್ನಿಸಿದೆ. ಆದರೆ ಬೇಕು ಅನ್ನುವುದಕ್ಕೆ ನಾಚಿಕೆ. ಸೊಗಸು ಅಂತ ಯಾರಾದರೂ ಹೇಳಲಿ, ಆಮೇಲೆ ಬೇಕು ಅನ್ನೋಣ ಅಂತ. ಊರಿನ ನೂರು ಮನೆಯವರ ಪಾಡೂ ಅದೇ ಆಗಿತ್ತು.

ಜೋಯಿಸರು ಕವಡೆ ಹಾಕಿ ಹೇಳಿದರು, "ಬಂದರೂ ಬರಬಹುದು, ಬಾರದೆಯೂ ಇರಬಹುದು."

ಪಂಡಿತರು ಗಂಟಲು ಸರಿಮಾಡಿಕೊಂಡು ಹೇಳಿದರು, "ಅರಸರು ಬರುತ್ತೆ ಅಂದರೆ ಬರುತ್ತೆ, ಬರಲ್ಲ ಅಂದರೆ ಬರಲ್ಲ."

ಮೂರನೆಯವಳು ದೇಮಕ್ಕ. ಎದ್ದು ನಿಂತು ಕೈಮುಗಿದು ಹೇಳಿದಳು, "ಅರಸರೇ, ಸೊಗಸನ್ನು ಹೊರಗೆ ಕಳಿಸಿದವರಿಗೇ ಅದನ್ನು ವಾಪಸ್ಸು ಕರೆಸೋ ದಾರಿ ಗೊತ್ತಿರುತ್ತೆ. ಅಂದಾನಯ್ಯನೋರನ್ನೇ ಕೇಳಿ. ಹೊಸ ಚಿನ್ನದ ಗಡಿಯಾರ ಎಲ್ಲಿಂದಾದರೂ ಬಂದರೆ ಜನ ಒಂದೇ ಮಾತು ಕೇಳ್ತಾರೆ, ಒಳಗೆ ಗಟ್ಟಿಯಿದೆಯಾ ಅಂತ. ನಾನು ಮುಚ್ಚಳ ತೆಗೆದು ನೋಡಿ ಗಟ್ಟಿ ಅಂದರೆ, ಏನು ಕೇಳಿದರೂ ಕೊಟ್ಟು ಒಯ್ತಾರೆ."

ಅಂದಾನಯ್ಯನ ಕಣ್ಣು ಅರಳಿತು. ಬಚ್ಚಿಟ್ಟದ್ದನ್ನು ಹೊರಗೆ ತೆಗೆಯೋಕೆ ದಸರೆಯವರೆಗೆ ಕಾಯಬೇಕು ಅಂದುಕೊಂಡಿದ್ದ. ಹಣ್ಣು ತಾನಾಗಿ ಬಾಯಿಗೆ ಬೀಳುತ್ತಿದೆಯಲ್ಲ!

"ಪ್ರಭು, ಬರುತ್ತೆ! ಬಂದೇ ಬಿಟ್ಟಿದೆ!" ಅಂದ. "ಕಡಲಾಚೆ ಮತ್ತೆ ಚಿನ್ನದ್ದೇ ಸೊಗಸು ಅಂತ ಓಲೆ ಬಂದಿದೆ. ಆರು ದಿನದಲ್ಲಿ ಹಡಗಿನಿಂದ ತರಿಸ್ತೀನಿ. ಹಣ ಬೇಡ. ಗಡಿಯಾರಕ್ಕೆ ಒಂದು ನೀರಿನ ಸರದಿ ನನ್ನ ತೋಟಕ್ಕೆ ಬಿಟ್ಟುಕೊಟ್ಟರೆ ಸಾಕು."

"ಎಷ್ಟು ಸಿಗಬಹುದು?" ರಾಜ ಕೇಳಿದ.

"ನೂರೊಂದು" ಅಂದ ಅಂದಾನಯ್ಯ.

ದೇಮಕ್ಕ ತಲೆ ತಗ್ಗಿಸಿ ನಕ್ಕಳು.

ಆರು ದಿನ ಅಂದಾನಯ್ಯನ ಮನೆಯ ಕದ ತೆರೆಯಲಿಲ್ಲ. ಪರವೂರಿನಿಂದ ಮೂರು ಜನ ಕೆತ್ತನೆಯವರನ್ನು ಕರೆಸಿ ಗಡಿಯಾರಗಳ ಮೇಲೆ ಬಳ್ಳಿ ಕೆತ್ತಿಸಿದ, ಹೂವು ಕೆತ್ತಿಸಿದ, ಫಳಫಳ ಹೊಳೆಯುವ ಹಾಗೆ ಉಜ್ಜಿಸಿದ. ಹೊರಗಡೆಯಿಂದ ನೋಡಿದರೆ ಹೆತ್ತ ತಾಯಿಗೂ ಗುರುತು ಸಿಗಬಾರದು, ಹಾಗೆ. ಕೆತ್ತನೆಯವನೊಬ್ಬ ಕೇಳಿದನಂತೆ, "ಒಳಗಡೆಯೂ ಒಂದಿಷ್ಟು ಉಜ್ಜಲಾ, ಧಣಿ?" ಅಂತ.

"ಮುಟ್ಟೀಯ ಜೋಕೆ!" ಅಂತ ಚೀರಿದ ಅಂದಾನಯ್ಯ. "ಮುಚ್ಚಳ ಯಾರೂ ತೆಗೀಬೇಡಿ. ಆಯುಸ್ಸಿನ ವಿಷಯ!"

ಕೇಳಿದಿರಾ? ಹಳೆಯದನ್ನೆಲ್ಲ ಆಡಿಕೊಂಡು ನಕ್ಕವನು. ಹಳೆಯ ಭಯ ಒಂದನ್ನು ಮಾತ್ರ ಭದ್ರವಾಗಿ ಇಟ್ಟುಕೊಂಡಿದ್ದ.

ಮಗು ಹುಟ್ಟಿ ಹತ್ತನೇ ದಿನ. ಅರಮನೆಯ ಅಂಗಳ ತುಂಬಿತ್ತು. ಕೆಂಪು ಮಕಮಲ್ಲಿನ ಮೇಲೆ ನೂರೊಂದು ಗಡಿಯಾರ ಹೊಳೆಯುತ್ತಿದ್ದವು. ಬೊಮ್ಮರಸ ಎಲ್ಲಕ್ಕಿಂತ ಮೊದಲು, ಕೈ ತಾನಾಗಿ ಹೋದ ಒಂದನ್ನು ಆರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡ. "ಆಹಾ! ಏನು ತೂಕ, ಏನು ಕೆಲಸ! ಕಡಲಾಚೆಯದು ಕಡಲಾಚೆಯದೇ!" ಅಂದ.

ದೇಮಕ್ಕ ಭೂತಗನ್ನಡಿ ಹಿಡಿದು ಬಂದಳು. "ಅರಸರೇ, ಮುಚ್ಚಳ ತೆಗೆಯೋಕೆ ಮುಂಚೆ ಅಂದಾನಯ್ಯನೋರು ಕೆರೆ ನೀರು ಮುಟ್ಟಿ ಒಂದು ಮಾತು ಹೇಳಲಿ. ಈ ಗಡಿಯಾರಗಳು ಹಡಗಲ್ಲಿ ಬಂದವು, ಈ ಊರಿನ ಕೈ ಒಂದೂ ಇವನ್ನು ಮುಟ್ಟಿಲ್ಲ ಅಂತ."

"ಅಷ್ಟೇ ತಾನೆ?" ಅಂದಾನಯ್ಯ ತಂಬಿಗೆಯ ನೀರಲ್ಲಿ ಕೈ ಅದ್ದಿ ಮೂರು ಸಲ ಆಣೆ ಇಟ್ಟ. ಕೈ ಒರೆಸಿಕೊಂಡು ಮೀಸೆ ತಿರುವಿದ.

ದೇಮಕ್ಕ ಮೊದಲನೆಯದರ ಮುಚ್ಚಳ ತೆಗೆದಳು. ಕನ್ನಡಿ ಹಿಡಿದಳು. "ಇಲ್ಲೊಂದು ಮೀನು ಇದೆ. ಮೀನಿನ ಕೆಳಗೆ ಏಳು ಚುಕ್ಕಿ. ಹರಿಗೋಲಿನ ಕರಿಯಣ್ಣಾ, ನಿಮ್ಮ ಗಡಿಯಾರ ಎಷ್ಟು ಸಲ ತೊಳೆಸಿದ್ದೆ?"

ಗುಂಪಿನಿಂದ ಕರಿಯಣ್ಣ ಎದ್ದ. "ಎರಡು ವರ್ಷಕ್ಕೊಂದು ಸಲ. ನಾನು ಹುಟ್ಟು ಹಿಡಿದಾಗಿಂದ ಏಳು ಸಲ ಕಣಕ್ಕಾ."

ಎರಡನೆಯದು ತೆಗೆದಳು. "ಇಲ್ಲೊಂದು ಗಡಿಗೆ. ಹನ್ನೊಂದು ಚುಕ್ಕಿ. ಮಾರಜ್ಜಾ?"

"ನಮ್ಮದೇ! ನಮ್ಮದೇ ತಾಯಿ! ಹನ್ನೊಂದೇ ಸಲ!" ಮಾರಜ್ಜ ಕೋಲು ಬಿಟ್ಟು ಓಡಿಬಂದ.

ಮೂರನೆಯದಕ್ಕೆ ದೇಮಕ್ಕ ಮಕಮಲ್ಲಿನ ಕಡೆಗೆ ಕೈ ಚಾಚಲಿಲ್ಲ, ರಾಜನ ಕಡೆಗೆ ಚಾಚಿದಳು. "ಬುದ್ಧಿ, ತಮ್ಮ ಸೊಂಟದ್ದು ಕೊಡಿ." ತೆಗೆದಳು, ಒಳಗೆ ನೋಡಿ ನಕ್ಕಳು, ಕನ್ನಡಿಯನ್ನು ರಾಜನ ಕೈಗೇ ಕೊಟ್ಟಳು. "ತಾವೇ ನೋಡಿ."

ಬೊಮ್ಮರಸ ಒಂದು ಕಣ್ಣು ಮುಚ್ಚಿ ನೋಡಿದ. ಸಾಸಿವೆಯಷ್ಟು ಸಣ್ಣ ಛತ್ರಿ. ರಾಜರ ಛತ್ರಿ.

"ಇದು ನಮ್ಮಪ್ಪ ಗೀರಿದ್ದು" ಅಂದಳು ದೇಮಕ್ಕ. "ತಮ್ಮ ಅಜ್ಜರಸರ ಗಡಿಯಾರ. ಇವರು ತಮ್ಮದನ್ನೇ ತಮಗೆ ಮಾರ್ತಾ ಇದ್ದಾರೆ."

ಬೊಮ್ಮರಸನ ಕಣ್ಣಲ್ಲಿ ನೀರು ಬಂತು. ಅಜ್ಜನ ತೊಡೆ ಮೇಲೆ ಕೂತು ಆ ಗಡಿಯಾರದ ಸದ್ದು ಕೇಳಿದ್ದು ನೆನಪಾಯಿತು. ಅದನ್ನು ಹೊಟ್ಟೆ ದಪ್ಪ ಕಾಣುತ್ತೆ ಅಂತ ಕೊಟ್ಟವನು ತಾನು ಅಂತ ನಾಚಿಕೆಯೂ ಆಯಿತು.

ಅಂದಾನಯ್ಯ ಬೆವತುಹೋದ. ಒಂದೊಂದೇ ಮುಚ್ಚಳ ತೆಗೆಯುತ್ತಾ ಹೋದಂತೆ ಒಬ್ಬೊಬ್ಬರೇ ಎದ್ದು ಬಂದು ತಮ್ಮ ತಮ್ಮ ಗಡಿಯಾರ ಎದೆಗೊತ್ತಿಕೊಂಡರು. ಎತ್ತು, ತಕ್ಕಡಿ, ಬಾಚಣಿಗೆ, ಕುಡುಗೋಲು, ಹೀಗೆ ನೂರು ಮುಗಿಯಿತು. ಕೊನೆಗೆ ಮಕಮಲ್ಲಿನ ಮೇಲೆ ಒಂದು ಉಳಿಯಿತು. ದೇಮಕ್ಕ ಅದರ ಮುಚ್ಚಳ ತೆಗೆದಳು. ಒಳಗೆ ಏನೂ ಇರಲಿಲ್ಲ. ಕನ್ನಡಿಯಂತೆ ಬೋಳು.

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತು. "ನೋಡಿ ಪ್ರಭು, ನೋಡಿ!" ಅಂದಾನಯ್ಯ ಹಾರಿ ಬಂದ. "ಇದಕ್ಕೆ ಗುರುತಿಲ್ಲ! ಇದು ಹಡಗಿನದೇ! ಇದೊಂದು ನನ್ನದೇ!"

ದೇಮಕ್ಕ ಮುಚ್ಚಳ ಮುಚ್ಚಿ ಕೀಲಿ ಕೊಟ್ಟಳು. ಊರವರಿಗೆಲ್ಲ ಗುರುತು ಹಾಕಿಕೊಟ್ಟವಳ ಮನೆಯದಕ್ಕೇ ಗುರುತಿಲ್ಲ. ಮೊಮ್ಮಗಳ ಕಿವಿಗೆ ಹಿಡಿಯಬೇಕಾದ ಗಡಿಯಾರ ಅದು. ನಾಳಿದ್ದು ಹನ್ನೆರಡನೇ ದಿನ.

"ಅರಸರೇ" ಅಂದಳು ನಿಧಾನವಾಗಿ, "ಇದು ನಮ್ಮನೆಯದು. ನಾನು ಹುಟ್ಟಿದ ದಿನ ನಮ್ಮಪ್ಪ ಇದಕ್ಕೆ ಕೀಲಿ ಕೊಡ್ತಾ ಕೂತಿದ್ದ. ಸೂಲಗಿತ್ತಿ ಬಂದು ಹೆಣ್ಣು ಮಗು ಅಂದಳು. ನಮ್ಮಪ್ಪ ಸಂತೋಷಕ್ಕೆ ಚಂಗನೆ ಎದ್ದ, ಗಡಿಯಾರ ಕೈಜಾರಿ ಕಲ್ಲಿನ ಮೇಲೆ ಬಿತ್ತು. ಅವತ್ತಿನಿಂದ ಇದಕ್ಕೊಂದು ಚಾಳಿ. ಅರವತ್ತು ಸಲ ಟಿಕ್ ಅಂದಮೇಲೆ ಒಂದು ಸಲ ಉಸಿರು ಹಿಡಿಯುತ್ತೆ, ಆಮೇಲೆ ಮತ್ತೆ ನಡೆಯುತ್ತೆ. ಊರ ಗಡಿಯಾರವನ್ನೆಲ್ಲ ಸರಿಮಾಡಿದ ನಮ್ಮಪ್ಪ ಇದೊಂದನ್ನು ಸರಿಮಾಡಲಿಲ್ಲ. ನಾನೂ ಮಾಡಲಿಲ್ಲ. ನಾನು ಹುಟ್ಟಿದ್ದಕ್ಕೆ ಒಬ್ಬರು ಅಷ್ಟು ಸಂತೋಷಪಟ್ಟರಲ್ಲ, ಅದು ಇದರೊಳಗೆ ಸಿಕ್ಕಿಕೊಂಡಿದೆ. ಅದನ್ನು ಹೇಗೆ ತೆಗೆದುಹಾಕಲಿ? ತಾವೇ ಕಿವಿಗೆ ಹಿಡಿದು ಎಣಿಸಿ."

ಬೊಮ್ಮರಸ ಗಡಿಯಾರವನ್ನು ಕಿವಿಗೆ ಹಿಡಿದ. ಅವತ್ತು ಮೊದಲ ಸಲ ಆ ಹಿತ್ತಾಳೆ ಕಿವಿ ಯಾರ ಮಾತನ್ನೂ ಕೇಳದೆ ತಾನೇ ಕೇಳಿತು. ರಾಜ ಬಾಯಿಬಿಟ್ಟು ಎಣಿಸಿದ. ಇಪ್ಪತ್ತು. ನಲವತ್ತು. ಐವತ್ತೊಂಬತ್ತು. ಅರವತ್ತು.

ಸದ್ದು ನಿಂತಿತು.

ಅಂಗಳದಲ್ಲಿ ಯಾರೂ ಕೆಮ್ಮಲಿಲ್ಲ.

ಟಿಕ್. ಮತ್ತೆ ನಡೆಯಿತು.

"ದೇಮಕ್ಕನದು!" ಅಂತ ರಾಜ ಕೂಗಿದ. ಊರಿಗೆ ಊರೇ ಕೂಗಿತು. ದೇಮಕ್ಕ ಗಡಿಯಾರವನ್ನು ಸೆರಗಿನಲ್ಲಿ ಹಿಡಿದುಕೊಂಡು ಮಗುವಿನ ಹಾಗೆ ಅತ್ತಳು.

ಅಂದಾನಯ್ಯ ರಾಜನ ಕಾಲಿಗೆ ಬಿದ್ದ. ಸೆರೆಗೆ ಹಾಕಿ ಅಂದರು ಕೆಲವರು, ಊರು ಬಿಡಿಸಿ ಅಂದರು ಕೆಲವರು. ಬೊಮ್ಮರಸ ಈ ಸಲ ಯಾರ ಮಾತನ್ನೂ ಕೇಳಲಿಲ್ಲ, ಸ್ವಂತ ಬುದ್ಧಿಯಿಂದ ಹೇಳಿದ. "ಇವನ ಪಾರುಪತ್ಯ ಇವತ್ತಿಗೆ ಮುಗೀತು. ಇನ್ನು ಮೂರು ವರ್ಷ, ದಿನಾ ಬೆಳಗ್ಗೆ ಎದ್ದು ನೂರು ಮನೆ ಬಾಗಿಲಿಗೆ ಹೋಗಿ ನೂರು ಗಡಿಯಾರಕ್ಕೂ ಕೀಲಿ ಕೊಡಬೇಕು. ಪ್ರತಿ ಮನೆಯಲ್ಲೂ ಆ ಗಡಿಯಾರದ ಕತೆ ಹೇಳ್ತಾರೆ, ಕೂತು ಕೇಳಬೇಕು. ಊಟ ಎಲ್ಲಿ ಮಾಡಿದರೂ ಎರಡನೇ ಪಂಕ್ತಿ."

ಹನ್ನೆರಡನೇ ದಿನ ದೇಮಕ್ಕನ ಮನೆಯಲ್ಲಿ ಹೆಸರಿಡುವ ಹಬ್ಬ. ರಾಜನೂ ಬಂದ. ನೀಲವ್ವ ಮಗುವನ್ನು ತಾಯಿಯ ಮಡಿಲಿಗೆ ಕೊಟ್ಟಳು. ದೇಮಕ್ಕ ಗಡಿಯಾರವನ್ನು ಆ ಪುಟ್ಟ ಕಿವಿಗೆ ಹಿಡಿದಳು. "ಕೇಳು ಮಗಾ, ಇದು ನಿನ್ನ ಹೊತ್ತು." ಅಳುತ್ತಿದ್ದ ಮಗು ಸುಮ್ಮನಾಗಿ ಕಣ್ಣರಳಿಸಿ ಕೇಳಿತು. ಅರವತ್ತು ಟಿಕ್ ಆಯಿತು. ಗಡಿಯಾರ ಉಸಿರು ಹಿಡಿಯಿತು. ಮಗುವೂ ಉಸಿರು ಹಿಡಿಯಿತು. ಗಡಿಯಾರ ಮತ್ತೆ ನಡೆದಾಗ ಮಗು ನಕ್ಕುಬಿಟ್ಟಿತು. ಅವಳಿಗೆ ಸಿಂಗವ್ವ ಅಂತ ಹೆಸರಿಟ್ಟರು, ಮುತ್ತಾತನ ನೆನಪಿಗೆ.

ಊಟಕ್ಕೆ ಎಲೆ ಹಾಕಿದರು. ಮೊದಲ ಪಂಕ್ತಿಗೆ ರಾಜನನ್ನು ಕರೆದರೆ ಬೊಮ್ಮರಸ ಒಪ್ಪಲಿಲ್ಲ. "ನಾನೂ ಹೊಟ್ಟೆ ನೋಡಿಕೊಂಡು ಅಜ್ಜನ ಗಡಿಯಾರ ಕೊಟ್ಟವನು, ಇವತ್ತು ಎರಡನೇ ಪಂಕ್ತಿಯಲ್ಲೇ ಕೂರ್ತೀನಿ" ಅಂದ. ರಾಜನೇ ಹಿಂದೆ ನಿಂತಮೇಲೆ ಮುಂದೆ ಕೂರುವವರು ಯಾರು? ನೀಲವ್ವನ ಅತ್ತೆಯೂ ಸೆರಗು ಸರಿಮಾಡಿಕೊಂಡು ಹಿಂದೆಯೇ ನಿಂತಳು. ಊರೆಲ್ಲ ಎರಡನೇ ಪಂಕ್ತಿಗೆ ಕಾದು ನಿಂತಿತು. ಮೊದಲ ಪಂಕ್ತಿಯಲ್ಲಿ ದೇಮಕ್ಕ, ಬಾಣಂತಿ, ಕೂಸು, ಮೂರೇ ಜನ. ಹೋಳಿಗೆ ಎರಡು ಪಂಕ್ತಿಗೂ ಸಾಕಾಗಿ ಮಿಕ್ಕಿತು. ಕೊನೆಯ ಎಲೆಯಲ್ಲಿ ಕೂತಿದ್ದ ಅಂದಾನಯ್ಯನಿಗೂ ದೇಮಕ್ಕನೇ ಎರಡು ಬಡಿಸಿದಳು. ಅವನು ತಲೆ ಎತ್ತಲಿಲ್ಲ, ಆದರೆ ತಿಂದ.

ಮೂರು ವರ್ಷ ಮನೆಮನೆಯ ಕತೆ ಕೇಳಿ ಕೇಳಿ ಅವನೂ ಸರಿಹೋದನಂತೆ. ಕೊನೆಕೊನೆಗೆ ಯಾರ ಗಡಿಯಾರಕ್ಕೆ ಎಷ್ಟು ಚುಕ್ಕಿ ಅಂತ ಅವನೇ ಹೇಳುತ್ತಿದ್ದನಂತೆ.

ಗಟ್ಟಿ ಚಿನ್ನದ ಗಡಿಯಾರ ಮತ್ತೆ ಸೊಗಸಾಯಿತಾ ಅಂತ ಕೇಳುತ್ತೀರಿ ನೀವು, ನನಗೆ ಗೊತ್ತು. ಆಯಿತೋ ಇಲ್ಲವೋ, ಆಮೇಲೆ ಹೊಂಗೆರೆಯಲ್ಲಿ ಯಾರೂ ಆ ಪ್ರಶ್ನೆ ಕೇಳಲೇ ಇಲ್ಲ. ಹರೆಯದ ಕೆಲವರು ಚಂದಕ್ಕೆ ಅಂತ ಬಿಳೀ ತಗಡನ್ನೂ ಕಟ್ಟಿಕೊಂಡರು, ಕಟ್ಟಿಕೊಳ್ಳಲಿ ಬಿಡಿ. ಹೊತ್ತು ನೋಡುವಾಗ ಮಾತ್ರ ಸೊಂಟದ ಚಿನ್ನಕ್ಕೆ ಕೈಹಾಕುತ್ತಿದ್ದರು.

ಇಷ್ಟು ಹೊತ್ತು ಹೂಂ ಅಂದವರಿಗೆ ಇದೋ ಕತೆಯ ಬಾಲ: ಸೊಗಸು ಬರುತ್ತದೆ, ಹೋಗುತ್ತದೆ, ಗಟ್ಟಿಯಾದದ್ದು ಎಲ್ಲಿಗೂ ಹೋಗುವುದಿಲ್ಲ. ನಿಮ್ಮ ಮನೆಯ ಗಟ್ಟಿ ವಸ್ತು ಚಂದವೋ ಅಲ್ಲವೋ ಅಂತ ಬೇರೆಯವರ ಡಂಗುರ ಕೇಳಿ ತಿಳಿದುಕೊಳ್ಳಬೇಡಿ. ಕಿವಿಗೆ ಹಿಡಿದು ನೀವೇ ಕೇಳಿ.